ತಕ್ಕಡಿಯೇ ಅಲುಗಾಡಿದಾಗ



1962ರ ಏಪ್ರಿಲ್ 20. ಅಂದು ಗುಡ್ ಫ್ರೈಡೆ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ ಮಾರ್ಷ್ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಹೊವಾರ್ಡ್ ಥರ್ಮನ್ ಉಪದೇಶ ಮಾಡುತ್ತಿದ್ದರು. ಈ ಹೆಸರು ನಮ್ಮಲ್ಲಿ ಅಷ್ಟು ಪರಿಚಿತವಲ್ಲ. 1936ರಲ್ಲಿ ಬಾರ್ಡೋಲಿಗೆ ಬಂದು ಗಾಂಧೀಜಿಯನ್ನು ಕಂಡು, ಅಹಿಂಸೆಯ ಬಗ್ಗೆ ಮಾತನಾಡಿ ಹೋದ ಕಪ್ಪು ಜನಾಂಗದ ಪಾದ್ರಿ ಇವರೇ. ಮಾರ್ಟಿನ್ ಲೂಥರ್ ಕಿಂಗ್ ಅವರ ಮೇಲೂ ಇವರ ವಿಚಾರಗಳ ಪ್ರಭಾವ ದೊಡ್ಡದು. ಅಂದು ಮೇಲಿನ ಮಂದಿರದಲ್ಲಿ ಥರ್ಮನ್ ಆಡುತ್ತಿದ್ದ ಮಾತು ಧ್ವನಿವರ್ಧಕದ ಮೂಲಕ ನೆಲಮಾಳಿಗೆಯ ಚಿಕ್ಕ ಪ್ರಾರ್ಥನಾ ಕೊಠಡಿಗೂ ಕೇಳಿಸುತ್ತಿತ್ತು. ಅಲ್ಲಿ ದೈವಶಾಸ್ತ್ರದ ಇಪ್ಪತ್ತು ವಿದ್ಯಾರ್ಥಿಗಳು ಕುಳಿತಿದ್ದರು.

ಅವರು ಬರೀ ಪ್ರಾರ್ಥನೆಗೆ ಬಂದವರಲ್ಲ. ಪ್ರಾರ್ಥನೆಗೆ ಮುಂಚೆ ಪ್ರತಿಯೊಬ್ಬರೂ ಒಂದು ಔಷಧ ನುಂಗಿದ್ದರು. ಹತ್ತು ಮಂದಿಗೆ ಸಿಕ್ಕಿದ್ದು 30 ಮಿಲಿಗ್ರಾಂ ಸಿಲೊಸೈಬಿನ್; ಒಂದು ಜಾತಿಯ ಅಣಬೆಯಲ್ಲಿರುವ, ಮನಸ್ಸಿನ ಸ್ಥಿತಿಯನ್ನೇ ಕೆಲವು ಗಂಟೆ ಬದಲಿಸುವ ವಸ್ತು. ಇನ್ನು ಹತ್ತು ಮಂದಿಗೆ ಸಿಕ್ಕಿದ್ದು 200 ಮಿಲಿಗ್ರಾಂ ನಯಾಸಿನ್. ಬಿ ಗುಂಪಿಗೆ ಸೇರಿದ ಒಂದು ಜೀವಸತ್ವ. ಯಾರಿಗೆ ಯಾವುದು ಎಂಬುದು ನುಂಗಿದವರಿಗೂ ತಿಳಿಯದು, ಕೊಟ್ಟವರಿಗೂ ತಿಳಿಯದು. ಪ್ರಯೋಗ ನಡೆಸಿದವರು ವಾಲ್ಟರ್ ಪಾಂಕೆ. ವೈದ್ಯಶಾಸ್ತ್ರ ಹಾಗೂ ದೈವಶಾಸ್ತ್ರ ಎರಡನ್ನೂ ಓದಿ, ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪ್ರಬಂಧ ಸಿದ್ಧಪಡಿಸುತ್ತಿದ್ದ ತರುಣ. ಭಕ್ತರು, ಸಂತರು ವರ್ಣಿಸುವ ಅನುಭವವನ್ನು ಔಷಧವೊಂದು ತರಬಲ್ಲದೆ ಎಂಬುದು ಅವರ ಪ್ರಶ್ನೆ.

ನಯಾಸಿನ್ನನ್ನು ಆರಿಸಿಕೊಂಡದ್ದರಲ್ಲಿ ಒಂದು ಉಪಾಯವಿತ್ತು. ಅದನ್ನು ನುಂಗಿದರೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುತ್ತದೆ, ಮೈ ಬಿಸಿಯಾಗುತ್ತದೆ, ಚರ್ಮ ಚುರುಗುಟ್ಟುತ್ತದೆ. ನುಂಗಿದವನಿಗೆ 'ಓಹೋ, ನನಗೆ ಸಿಕ್ಕಿದ್ದು ಅಸಲಿ ಔಷಧ' ಎನ್ನಿಸಬೇಕು. ಹಾಗೆಯೇ ಆಯಿತು. ಮೊದಲಿಗೆ ಮೈ ಬಿಸಿಯಾದವರು ತಾವೇ ಅದೃಷ್ಟವಂತರೆಂದು ಭಾವಿಸಿದರು. ಆಮೇಲೆ ಅವರ ಮೈಬಿಸಿ ಇಳಿಯಿತು. ಪಕ್ಕದವರು ಬೆಂಚಿನ ಮೇಲೆ ಒರಗಿದರು, ಎದ್ದು ಅಲೆದಾಡಿದರು, ತಮ್ಮಷ್ಟಕ್ಕೆ ತಾವೇ ಏನೇನೋ ನುಡಿದರು. ಯಾರಿಗೆ ಏನು ಸಿಕ್ಕಿದೆ ಎಂಬುದು ಆ ಕೊಠಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಾಗಿಹೋಯಿತು. ಗುಟ್ಟು ಒಂದು ಗಂಟೆಯೂ ಬಾಳಲಿಲ್ಲ.

ಸಿಲೊಸೈಬಿನ್ ಪಡೆದವರ ಪೈಕಿ ಬಹುತೇಕರು ಬರೆದುಕೊಟ್ಟ ಅನುಭವ ಸಂತರ ವರ್ಣನೆಗಳಿಗೆ ಹತ್ತಿರವಾಗಿತ್ತು, ಉಳಿದವರದು ಹಾಗಿರಲಿಲ್ಲ ಎಂದು ಪಾಂಕೆ ತೀರ್ಮಾನಿಸಿದರು. 'ಗುಡ್ ಫ್ರೈಡೆ ಪ್ರಯೋಗ' ಎಂದು ಅದು ಪ್ರಸಿದ್ಧವಾಯಿತು. ಅಂದು ಆ ನೆಲಮಾಳಿಗೆಯಲ್ಲಿ ಎದುರಾದ ತೊಡಕು ಮಾತ್ರ ಅರವತ್ತು ವರ್ಷ ಕಳೆದರೂ ಬಿಡಲಿಲ್ಲ. ಇಂಥ ಔಷಧವನ್ನು ಅಳೆಯುವುದು ಹೇಗೆ?

ಮಾಮೂಲಿ ಔಷಧವನ್ನು ಅಳೆಯುವ ಬಗೆಯನ್ನು ಮೊದಲು ನೋಡೋಣ. ವೈದ್ಯರು ಕೊಟ್ಟ ಮಾತ್ರೆ ನುಂಗಿ ರೋಗಿ ಚೇತರಿಸಿಕೊಂಡನೆನ್ನಿ. ಗುಣವಾದದ್ದು ಮಾತ್ರೆಯಿಂದಲೋ, ಕಾಲಕ್ರಮದಲ್ಲಿ ತಾನೇ ಇಳಿಯಬೇಕಿದ್ದ ರೋಗ ಇಳಿದದ್ದೋ, ವೈದ್ಯರ ಮೇಲಿನ ನಂಬಿಕೆಯೋ? ಕೈಗುಣ ಎಂಬ ಮಾತು ನಮ್ಮ ಜನರ ಬಾಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಈ ಎಳೆಗಳನ್ನು ಬೇರ್ಪಡಿಸಲು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧ; ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ, ಒಳಗೆ ಏನೂ ಇಲ್ಲದ ಹುಸಿ ಮಾತ್ರೆ. ನಂಬಿಕೆ ಎರಡೂ ಕಡೆ ಸಮನಾಗಿರುವುದರಿಂದ ಹೆಚ್ಚಿಗೆ ಕಂಡುಬಂದ ಗುಣ ಔಷಧದ್ದು. ಕೊಡುವವರಿಗೂ ಪಡೆಯುವವರಿಗೂ ಗುಟ್ಟು ತಿಳಿಯದಂತೆ ನಡೆಸುವ ಇದಕ್ಕೆ ಇಮ್ಮಡಿ ಕುರುಡು ಪ್ರಯೋಗ ಎಂದು ಹೆಸರು.

ಕಾಕತಾಳೀಯವೆಂಬಂತೆ ಈ ತಕ್ಕಡಿಗೆ ಅಮೆರಿಕದಲ್ಲಿ ಕಾನೂನಿನ ಬಲ ಬಂದದ್ದೂ 1962ರಲ್ಲೇ. ಥಾಲಿಡೋಮೈಡ್ ಎಂಬ ಮಾತ್ರೆಯನ್ನು ಗರ್ಭಿಣಿಯರು ನುಂಗಿದ ಪರಿಣಾಮ ಯೂರೋಪಿನಲ್ಲಿ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ್ದವು. ಜಗತ್ತು ಬೆಚ್ಚಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ ತಿದ್ದುಪಡಿ, ಔಷಧವೊಂದು ನಿರಪಾಯಕಾರಿ ಎಂದರಷ್ಟೇ ಸಾಲದು, ಅದು ಕೆಲಸ ಮಾಡುತ್ತದೆಂದು ಕ್ರಮಬದ್ಧ ಪ್ರಯೋಗದಿಂದ ತೋರಿಸಬೇಕು ಎಂದು ವಿಧಿಸಿತು.

ರಕ್ತದೊತ್ತಡದ ಮಾತ್ರೆಗೆ ಈ ತಕ್ಕಡಿ ಸರಿಯೇ. ಮನಸ್ಸನ್ನೇ ಬದಲಿಸುವ ವಸ್ತುವಿನ ಮುಂದೆ ಇದು ಕೈಕೊಡುತ್ತದೆ. ನುಂಗಿದವನಿಗೆ ಗೋಡೆ ಉಸಿರಾಡುವಂತೆ ಕಂಡರೆ, ತೀರಿಕೊಂಡ ತಾಯಿ ಎದುರು ಬಂದು ಕುಳಿತಂತೆನಿಸಿದರೆ, ತನಗೆ ಸಿಕ್ಕಿದ್ದು ಹುಸಿ ಮಾತ್ರೆಯಲ್ಲ ಎಂದು ಅವನಿಗೆ ಯಾರೂ ಹೇಳಬೇಕಿಲ್ಲ. ಅವನ ಖಿನ್ನತೆ ಕಡಿಮೆಯಾಯಿತೇ ಎಂದು ಕೇಳಿದಾಗ ಉತ್ತರ ಹೇಳಬೇಕಾದದ್ದೂ ಅದೇ ಮನಸ್ಸು. ತೂಗಬೇಕಾದ ವಸ್ತು ತಕ್ಕಡಿಯನ್ನೇ ಅಲುಗಾಡಿಸುತ್ತದೆ.

ಇನ್ನು ಈ ವಸ್ತುಗಳು ಪ್ರಯೋಗಶಾಲೆಗೆ ಬಂದ ದಾರಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ, ಧಾನ್ಯದ ತೆನೆಗೆ ತಗಲುವ ಶಿಲೀಂಧ್ರವೊಂದರ ಸಾರದಿಂದ ಎಲ್‌ಎಸ್‌ಡಿ ತಯಾರಿಸಿದರು. ಅದರ ಗುಣ ಗೊತ್ತಾದದ್ದು 1943ರ ಏಪ್ರಿಲ್‌ನಲ್ಲಿ, ತಾವೇ ಅದನ್ನು ಸೇವಿಸಿ ಸೈಕಲ್ ತುಳಿದು ಮನೆಗೆ ಹೋದಾಗ. 1947ರ ವೇಳೆಗೆ ಕಂಪನಿ ಅದನ್ನು ವೈದ್ಯರಿಗೆ ಒದಗಿಸತೊಡಗಿತು. ಸಿಲೊಸೈಬಿನ್‌ನ ಮೂಲ ಮೆಕ್ಸಿಕೋ ದೇಶದ ವಹಾಕಾ ಸೀಮೆ. ಅಲ್ಲಿನ ಮಜಾತೆಕ್ ಜನರು ಅಣಬೆಯನ್ನು ದೇವರ ಪ್ರಸಾದದಂತೆ ಕಂಡು, ರೋಗಿಗಳಿಗಾಗಿ ರಾತ್ರಿಯಿಡೀ ಜಾಗರಣೆ ನಡೆಸುತ್ತಿದ್ದರು. ಮಾರಿಯಾ ಸಬೀನಾ ಎಂಬ ವೃದ್ಧೆ 1955ರಲ್ಲಿ ಅಮೆರಿಕದ ಬ್ಯಾಂಕ್ ಅಧಿಕಾರಿ ಗಾರ್ಡನ್ ವಾಸನ್‌ಗೆ ಆ ಜಾಗರಣೆಯಲ್ಲಿ ಪಾಲು ಕೊಟ್ಟಳು. 1957ರಲ್ಲಿ ವಾಸನ್ ಅದನ್ನು 'ಲೈಫ್' ಪತ್ರಿಕೆಯಲ್ಲಿ ಬರೆದ. 1958ರಲ್ಲಿ ಹಾಫ್‌ಮನ್ ಅಣಬೆಯ ಸತ್ವವನ್ನು ಬೇರ್ಪಡಿಸಿದರು. ವಿಜ್ಞಾನಕ್ಕೆ ಲಾಭವಾಯಿತು. ಆ ಹಳ್ಳಿಗೆ ಮೋಜಿಗಾಗಿ ಹಿಂಡುಹಿಂಡಾಗಿ ಹೊರಗಿನವರು ಬಂದರು, ಅವರ ಬೆನ್ನಿಗೆ ಪೊಲೀಸರು ಬಂದರು. ಗುಟ್ಟನ್ನು ಬಿಟ್ಟುಕೊಟ್ಟವಳೆಂಬ ಸಿಟ್ಟಿಗೆ ಮಾರಿಯಾ ಸಬೀನಾಳ ಮನೆ ಸುಟ್ಟುಹೋಯಿತು.

ಐವತ್ತರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಹಂಫ್ರಿ ಆಸ್ಮಂಡ್ ಮತ್ತು ಏಬ್ರಾಂ ಹಾಫರ್ ಎಂಬ ಮನೋವೈದ್ಯರು ಕುಡಿತಕ್ಕೆ ಬಿದ್ದವರಿಗೆ ಎಲ್‌ಎಸ್‌ಡಿ ಕೊಟ್ಟು ನೋಡಿದರು. 'ಸೈಕೆಡೆಲಿಕ್' ಎಂಬ ಪದವನ್ನು ಟಂಕಿಸಿದವರು ಇದೇ ಆಸ್ಮಂಡ್. ಮನಸ್ಸನ್ನು ತೆರೆದು ತೋರುವುದು ಎಂದು ಅದರರ್ಥ. ಹಿತವಾದ ಕೋಣೆ, ಸಂಗೀತ, ಧೈರ್ಯ ಹೇಳುವ ಜೊತೆಗಾರರು, ಇಷ್ಟೆಲ್ಲ ಇಟ್ಟುಕೊಂಡು ನಡೆಸಿದ ಚಿಕಿತ್ಸೆಯಿಂದ ಅನೇಕರು ಕುಡಿತ ಬಿಟ್ಟರೆಂದು ಅವರು ವರದಿ ಮಾಡಿದರು. ಅವರಲ್ಲಿ ಹೋಲಿಸಿ ನೋಡುವ ಗುಂಪು ಸಾಕಷ್ಟಿಲ್ಲ ಎಂದು ಟೊರಾಂಟೊದ ಸಂಶೋಧಕರು ಆಕ್ಷೇಪಿಸಿ ತಾವೇ ಕಟ್ಟುನಿಟ್ಟಿನ ಪ್ರಯೋಗ ನಡೆಸಿದರು. ಎಲ್‌ಎಸ್‌ಡಿಯಿಂದ ವಿಶೇಷ ಪ್ರಯೋಜನ ಕಾಣಲಿಲ್ಲ ಎಂದರು. ಸಂಗೀತವಿಲ್ಲ, ಸಾಂತ್ವನವಿಲ್ಲ, ಅಂಥ ಕಡೆ ಕೊಟ್ಟರೆ ಗುಣ ಕಾಣುವುದಾದರೂ ಹೇಗೆ ಎಂದು ಸಸ್ಕಾಚೆವಾನ್‌ನವರು ಕೇಳಿದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಸಾಂತ್ವನವೂ ಚಿಕಿತ್ಸೆಯ ಭಾಗವೆಂದರೆ ಔಷಧದ ಪಾಲೆಷ್ಟು, ಸಾಂತ್ವನದ ಪಾಲೆಷ್ಟು ಎಂದು ಹೇಳಲಾಗದು. ಸಾಂತ್ವನವನ್ನು ತೆಗೆದರೆ ಅಳೆಯುತ್ತಿರುವುದು ಬೇರೆಯೇ ಚಿಕಿತ್ಸೆಯಾಗುತ್ತದೆ. 2012ರಲ್ಲಿ ನಾರ್ವೆಯ ಇಬ್ಬರು ಸಂಶೋಧಕರು ಆ ಕಾಲದ ಆರು ಪ್ರಯೋಗಗಳ 536 ಮಂದಿಯ ಲೆಕ್ಕ ಒಟ್ಟುಗೂಡಿಸಿದಾಗ, ಎಲ್‌ಎಸ್‌ಡಿ ಪಡೆದವರಲ್ಲಿ ಶೇ. 59 ಮಂದಿ ಸುಧಾರಿಸಿದ್ದರು, ಪಡೆಯದವರಲ್ಲಿ ಶೇ. 38 ಮಂದಿ. ಅಂದರೆ ಅದು ಬರೀ ಪೊಳ್ಳೂ ಆಗಿರಲಿಲ್ಲ, ಪವಾಡವೂ ಆಗಿರಲಿಲ್ಲ.

ಅದೇ ಕಾಲದ ಇನ್ನೊಂದು ಮುಖ ಕರಾಳವಾದದ್ದು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿದ್ದ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಮಾದಕ ವ್ಯಸನಿಗಳಾಗಿದ್ದ ಕೈದಿಗಳಿಗೆ ಎಲ್‌ಎಸ್‌ಡಿ ಕೊಡಲಾಯಿತು. ಕೆಲವರಿಗೆ ಸತತ 77 ದಿನ. ಹಣದ ಹಿಂದೆ ಇದ್ದದ್ದು ಸಿಐಎ. ಕೈದಿಗಳಿಗೆ ಸಿಗುತ್ತಿದ್ದ ಸಂಭಾವನೆಗಳಲ್ಲಿ ಯಾವ ಚಟ ಬಿಡಿಸಲು ಅವರನ್ನು ಅಲ್ಲಿ ಇಟ್ಟಿದ್ದರೋ ಆ ಮಾದಕ ವಸ್ತುವೂ ಒಂದು. ಇವರೂ ಒಪ್ಪಿಗೆ ಕೊಟ್ಟವರೆಂದೇ ಕಡತ ಹೇಳುತ್ತದೆ. ಸೆರೆಮನೆಯಲ್ಲಿರುವ ವ್ಯಸನಿಯ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದನ್ನು ಕಡತ ಕೇಳಲಿಲ್ಲ.

ಇಷ್ಟರಲ್ಲಿ ಈ ವಸ್ತುಗಳು ಆಸ್ಪತ್ರೆಯ ಗೋಡೆ ದಾಟಿ ಬೀದಿಗೆ ಬಂದಿದ್ದವು. ಪಾಂಕೆಯವರ ಮಾರ್ಗದರ್ಶಕರಲ್ಲಿ ಒಬ್ಬರಾಗಿದ್ದ ಟಿಮೊಥಿ ಲಿಯರಿಯನ್ನು ಹಾರ್ವರ್ಡ್ 1963ರಲ್ಲಿ ಕೆಲಸದಿಂದ ತೆಗೆಯಿತು; ಆತ ಪ್ರಯೋಗಶಾಲೆ ಬಿಟ್ಟು ಪ್ರಚಾರಕ್ಕೆ ನಿಂತ. 1970ರಲ್ಲಿ ಅಮೆರಿಕದ ಕಾಯಿದೆ, 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಈ ವಸ್ತುಗಳನ್ನು ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದವು. ಭಾರತದಲ್ಲೂ 1985ರ ಮಾದಕ ವಸ್ತು ಕಾಯಿದೆಯ ಪಟ್ಟಿಗೆ ಇವು ಸೇರಿದವು. ಪಾಂಕೆ ಮುಂದೆ ಮೇರಿಲ್ಯಾಂಡ್‌ನಲ್ಲಿ, ಸಾವಿನ ದಿನ ಎಣಿಸುತ್ತಿದ್ದ ಕ್ಯಾನ್ಸರ್ ರೋಗಿಗಳ ಭಯವನ್ನು ಈ ಔಷಧಗಳಿಂದ ತಗ್ಗಿಸಬಹುದೇ ಎಂದು ಪರೀಕ್ಷಿಸುತ್ತಿದ್ದರು. 1971ರಲ್ಲಿ ಸಮುದ್ರದಲ್ಲಿ ಮುಳುಗು ಹಾಕಲು ಹೋದವರು ಹಿಂದಿರುಗಲಿಲ್ಲ. ಎಪ್ಪತ್ತರ ದಶಕ ಮುಗಿಯುವುದರೊಳಗೆ ಈ ಸಂಶೋಧನೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಹಳೆಯ ಅಂಕಿ ಅಂಶಗಳ ಸರಿ ತಪ್ಪನ್ನು ಪರೀಕ್ಷಿಸುವ ದಾರಿಯೂ ಅದರೊಂದಿಗೆ ಮುಚ್ಚಿತು.

ಗುಡ್ ಫ್ರೈಡೆಯ ಕಥೆಗೆ ಇಲ್ಲೊಂದು ತಿರುವು. ರಿಕ್ ಡಾಬ್ಲಿನ್ ಎಂಬಾತ ಆ ಇಪ್ಪತ್ತು ಮಂದಿಯನ್ನು ಹುಡುಕಿಕೊಂಡು ಹೊರಟು, ಹದಿನಾರು ಮಂದಿಯನ್ನು ಮಾತನಾಡಿಸಿ, 1991ರಲ್ಲಿ ವರದಿ ಪ್ರಕಟಿಸಿದ. ಕಾಲು ಶತಮಾನ ಕಳೆದಿದ್ದರೂ ಸಿಲೊಸೈಬಿನ್ ಪಡೆದಿದ್ದವರು ಆ ದಿನವನ್ನು ಬದುಕಿನ ಅಮೂಲ್ಯ ದಿನಗಳಲ್ಲಿ ಒಂದೆಂದು ನೆನೆದರು. ಆದರೆ ಸಾಯುತ್ತಿದ್ದೇವೆ, ಹುಚ್ಚು ಹಿಡಿಯುತ್ತಿದೆ ಎಂಬ ಭಯವೂ ನಡುನಡುವೆ ಹಲವರನ್ನು ಕಾಡಿತ್ತು. ಪಾಂಕೆಯವರ ಪ್ರಬಂಧದಲ್ಲಿ ಅದಕ್ಕೆ ಸಿಕ್ಕಿದ್ದ ಜಾಗ ಕಡಿಮೆ. ಒಂದು ಸಂಗತಿಗಂತೂ ಜಾಗವೇ ಸಿಕ್ಕಿರಲಿಲ್ಲ. ಒಬ್ಬ ವಿದ್ಯಾರ್ಥಿ, ಲೋಕಕ್ಕೆ ದೇವರ ಸಂದೇಶ ಸಾರಲು ತಾನು ಆಯ್ಕೆಯಾಗಿದ್ದೇನೆಂದು ನಂಬಿ, ಮಂದಿರದಿಂದ ಹೊರಬಿದ್ದು ಬೀದಿಗೆ ಹೋಗಿದ್ದ. ಅವನನ್ನು ಹಿಡಿದು ತಂದು, ಚಿತ್ತವನ್ನು ಶಮನಗೊಳಿಸುವ ಇಂಜೆಕ್ಷನ್ ಕೊಡಬೇಕಾಯಿತು. ಆ ಇಂಜೆಕ್ಷನ್ನಿನ ಮಾತೇ ಪ್ರಬಂಧದಲ್ಲಿಲ್ಲ.

ಪಾಂಕೆ ಸುಳ್ಳುಗಾರರಾಗಿರಲಿಲ್ಲ. ಔಷಧದ ಹೆಸರು ಕೆಡುತ್ತಿದ್ದ ಕಾಲದಲ್ಲಿ ಅವರಿಗೆ ಅದರ ಮೇಲೆ ನಂಬಿಕೆ ಇತ್ತು. ಅಪಾಯವಿರುವುದು ಅಲ್ಲಿಯೇ. ತಕ್ಕಡಿ ಸ್ಥಿರವಾಗಿದ್ದರೆ ತೂಗುವವನ ಆಸೆ ತೂಕವನ್ನು ಅಷ್ಟಾಗಿ ಬದಲಿಸಲಾರದು. ತಕ್ಕಡಿಯೇ ಅಲುಗಾಡುವ ಕಡೆ, ಕಂಡದ್ದನ್ನೆಲ್ಲ ಬರೆದಿಡುವ ಪ್ರಾಮಾಣಿಕತೆಯೊಂದೇ ಉಳಿಯುವ ಬಟ್ಟು.

ಬಾಗಿಲು ಮತ್ತೆ ಮೆಲ್ಲಗೆ ತೆರೆಯಿತು. ಈ ವಸ್ತುಗಳು ಮಿದುಳಿನಲ್ಲಿ ಮಾಡುವ ಕೆಲಸದ ತಿಳಿವಳಿಕೆ ಮೊದಲು ಬಂತು. ಸಿರೊಟೋನಿನ್ ಎಂಬ ರಾಸಾಯನಿಕಕ್ಕೆ ಮಿದುಳಿನ ಕೋಶಗಳ ಮೇಲೆ ಕೆಲವು ಬೀಗಗಳಿವೆಯೆನ್ನಿ. ಅವುಗಳಲ್ಲಿ ಒಂದಕ್ಕೆ ಸಿಲೊಸೈಬಿನ್ ಕಳ್ಳ ಕೀಲಿಯಂತೆ ಹೊಂದಿಕೊಳ್ಳುತ್ತದೆ. ಆ ಬೀಗವನ್ನು ಬೇರೆ ಔಷಧದಿಂದ ಮೊದಲೇ ಮುಚ್ಚಿಬಿಟ್ಟರೆ ಯಾವ ದೃಶ್ಯವೂ ಕಾಣುವುದಿಲ್ಲ ಎಂದು ಜ್ಯೂರಿಕ್‌ನ ವಿಜ್ಞಾನಿಗಳು 1998ರಲ್ಲಿ ತೋರಿಸಿದರು. 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು 36 ಮಂದಿ ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಎರಡು ತಿಂಗಳ ಮೇಲೆ ಕೇಳಿದಾಗ ಶೇ. 67 ಮಂದಿ, ಅದು ತಮ್ಮ ಬದುಕಿನ ಅತ್ಯಂತ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಒಂದು ಎಂದರು. ಶೇ. 31 ಮಂದಿ ಆ ಹೊತ್ತಿನಲ್ಲಿ ತೀವ್ರ ಭಯ ಅನುಭವಿಸಿದ್ದರೆಂಬುದನ್ನೂ ಅದೇ ವರದಿ ಮುಚ್ಚಿಡದೆ ಹೇಳಿತು. ಇವರೆಲ್ಲ ಜಾಗರೂಕತೆಯಿಂದ ಆರಿಸಿದವರು, ಪಕ್ಕದಲ್ಲಿ ನುರಿತವರನ್ನು ಇಟ್ಟುಕೊಂಡವರು ಎಂಬುದನ್ನು ಮರೆಯಬಾರದು.

2016ರಲ್ಲಿ ಪಾಂಕೆಯವರ ಹಳೆಯ ಪ್ರಶ್ನೆ ಮರಳಿತು. ಹಾಪ್‌ಕಿನ್ಸ್‌ನಲ್ಲಿ 51, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 29 ಕ್ಯಾನ್ಸರ್ ರೋಗಿಗಳು ಸಿಲೊಸೈಬಿನ್ ಪಡೆದರು. ಇವರ ಸಂಕಟ ದೇಹದ್ದಷ್ಟೇ ಅಲ್ಲ. ಮಕ್ಕಳ ಮುಖ ನೋಡಿದರೆ ಸಾವು ನೆನಪಾಗುವ, ಬೆಳಗಾದರೆ ಏಳಲು ಮನಸ್ಸಾಗದ ಸಂಕಟ. ಹಾಪ್‌ಕಿನ್ಸ್‌ನಲ್ಲಿ ಆರು ತಿಂಗಳ ನಂತರವೂ ಸುಮಾರು ಶೇ. 80 ಮಂದಿಯ ಖಿನ್ನತೆ, ಕಳವಳ ಗಣನೀಯವಾಗಿ ತಗ್ಗಿತ್ತು. ಸುಲಭವಾಗಿ ತಳ್ಳಿಹಾಕುವ ಫಲಿತಾಂಶವಲ್ಲ. ಆದರೆ ಕೆಲವು ವಾರಗಳ ಬಳಿಕ ಎಲ್ಲರಿಗೂ ಅಸಲಿ ಪ್ರಮಾಣವನ್ನೇ ಕೊಟ್ಟಿದ್ದರಿಂದ, ಆರು ತಿಂಗಳ ಹೊತ್ತಿಗೆ ಹೋಲಿಸಲು ಬೇರೆ ಗುಂಪೇ ಉಳಿದಿರಲಿಲ್ಲ. ಇನ್ನು ನ್ಯೂಯಾರ್ಕ್‌ನವರು ಹುಸಿ ಔಷಧವಾಗಿ ಬಳಸಿದ್ದು ಏನನ್ನು? ನಯಾಸಿನ್ನನ್ನೇ. ಐವತ್ತನಾಲ್ಕು ವರ್ಷ ಕಳೆದರೂ ಅದಕ್ಕಿಂತ ಹೆಚ್ಚು ನಂಬಿಸುವ ವೇಷ ಸಿಕ್ಕಿರಲಿಲ್ಲ.

ಪ್ರಯೋಗಗಳು ದೊಡ್ಡದಾದಂತೆ ಫಲಿತಾಂಶಗಳು ನೆಲಕ್ಕೆ ಹತ್ತಿರವಾದವು. ಲಂಡನ್ನಿನ ಇಂಪೀರಿಯಲ್ ಕಾಲೇಜು 2021ರಲ್ಲಿ 59 ಖಿನ್ನತೆಯ ರೋಗಿಗಳಲ್ಲಿ ಸಿಲೊಸೈಬಿನ್ನನ್ನು ರೂಢಿಯ ಮಾತ್ರೆಯೊಂದಿಗೆ ಹೋಲಿಸಿತು. ಆರು ವಾರದ ನಂತರ ಮುಖ್ಯ ಅಳತೆಯಲ್ಲಿ ಎರಡರ ನಡುವೆ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ, ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯ 233 ರೋಗಿಗಳ ಪ್ರಯೋಗ ಪ್ರಕಟವಾಯಿತು. ಒಮ್ಮೆ 25 ಮಿಲಿಗ್ರಾಂ ಪಡೆದವರಲ್ಲಿ ಮೂರು ವಾರಕ್ಕೆ ಶೇ. 37 ಮಂದಿ ಚೇತರಿಕೆ ತೋರಿದರು. ಹೆಸರಿಗೆ ಮಾತ್ರ 1 ಮಿಲಿಗ್ರಾಂ ಪಡೆದವರಲ್ಲಿ ಶೇ. 18. ಹನ್ನೆರಡು ವಾರದವರೆಗೂ ಚೇತರಿಕೆ ಉಳಿದದ್ದು ಕ್ರಮವಾಗಿ ಶೇ. 20 ಮತ್ತು 10 ಮಂದಿಯಲ್ಲಿ. ವರ್ಷಗಟ್ಟಲೆ ನರಳಿದವರಲ್ಲಿ ಐವರಿಗೊಬ್ಬರು ಎದ್ದು ಕುಳಿತರೆ ಅದು ಸಣ್ಣ ಮಾತಲ್ಲ. ಉಳಿದ ನಾಲ್ವರ ಆಸೆ ಕೈಗೂಡಲಿಲ್ಲ ಎಂಬುದೂ ಸಣ್ಣ ಮಾತಲ್ಲ.

ಆಸೆಯ ತೂಕ ಎಷ್ಟಿರಬಹುದು? ಇದಕ್ಕೊಂದು ಜಾಣ ಉತ್ತರ 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂತು. ಕೆಟಮಿನ್ ಎಂಬುದು ಶಸ್ತ್ರಚಿಕಿತ್ಸೆಯ ಕೋಣೆಯ ಹಳೆಯ ಅರಿವಳಿಕೆ. ನಮ್ಮ ಆಸ್ಪತ್ರೆಗಳಲ್ಲೂ ಚೆನ್ನಾಗಿ ಗೊತ್ತಿರುವ ಔಷಧ. ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಅದು ಖಿನ್ನತೆಯನ್ನು ಬೇಗ ತಗ್ಗಿಸುತ್ತದೆ ಎಂದು ಹಲವು ಪ್ರಯೋಗಗಳು ಹೇಳಿದ್ದವು. ಅದೂ ಮನಸ್ಸನ್ನು ತೇಲಿಸುವಂಥದ್ದೇ, ಆದ್ದರಿಂದ ಗುಟ್ಟು ಅಲ್ಲೂ ನಿಲ್ಲದು. ಸ್ಟ್ಯಾನ್‌ಫರ್ಡ್‌ನವರು ಹುಡುಕಿದ ಉಪಾಯ ಸರಳ. ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಬಂದಿದ್ದ 40 ಮಂದಿ ಖಿನ್ನತೆಯ ರೋಗಿಗಳಿಗೆ, ಅವರು ಪೂರ್ತಿ ಪ್ರಜ್ಞೆ ತಪ್ಪಿದ್ದಾಗ, ಅರ್ಧ ಮಂದಿಗೆ ಕೆಟಮಿನ್, ಅರ್ಧ ಮಂದಿಗೆ ಬರೀ ಉಪ್ಪುನೀರಿನ ದ್ರಾವಣ ಕೊಟ್ಟರು. ಎಚ್ಚರವಿಲ್ಲದವನಿಗೆ ಯಾವ ಅನುಭವವೂ ಇಲ್ಲ. ಮಾರನೆಯ ದಿನ ಎರಡೂ ಗುಂಪಿನವರು ಸಾಕಷ್ಟು ಚೇತರಿಸಿಕೊಂಡಿದ್ದರು! ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ತಮಗೆ ಸಿಕ್ಕಿದ್ದು ಕೆಟಮಿನ್ನೇ ಎಂದು ಊಹಿಸಿದವರು ಹೆಚ್ಚು ಗುಣ ಕಂಡಿದ್ದರು. ಇಷ್ಟರಿಂದಲೇ ಕೆಟಮಿನ್ ನಿಷ್ಪ್ರಯೋಜಕ ಎನ್ನಲಾಗದು. ಅರಿವಳಿಕೆಯೇ ಅದರ ಕೆಲಸ ಕೆಡಿಸಿರಬಹುದು, ಎಚ್ಚರದ ಅನುಭವವೇ ಚಿಕಿತ್ಸೆಯ ಭಾಗವಾಗಿರಲೂಬಹುದು. ಭರವಸೆಯ ತೂಕ ಮಾತ್ರ ಹಗುರವಲ್ಲ ಎಂದಾಯಿತು.

ಕೊನೆಯದಾಗಿ 2024. ಗುಡ್ ಫ್ರೈಡೆಯ ಮರೆತ ಇಂಜೆಕ್ಷನ್ನನ್ನು ಬಯಲಿಗೆ ತಂದ ಡಾಬ್ಲಿನ್ 1986ರಲ್ಲಿ ಸ್ಥಾಪಿಸಿದ್ದ ಸಂಸ್ಥೆಯಿಂದ ಹುಟ್ಟಿದ ಕಂಪನಿ ಲೈಕೋಸ್. ಯುದ್ಧ, ಅತ್ಯಾಚಾರ, ಅಪಘಾತಗಳ ನೆನಪಿನಿಂದ ನರಳುವವರಿಗೆ ಮಾತಿನ ಚಿಕಿತ್ಸೆಯೊಂದಿಗೆ ಎಂಡಿಎಂಎ ಎಂಬ ವಸ್ತುವನ್ನು ಕೊಡಲು ಅದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಅನುಮತಿ ಕೇಳಿತು. ಮೊದಲ ದೊಡ್ಡ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ. 67 ಮಂದಿ, ಹುಸಿ ಔಷಧದವರಲ್ಲಿ ಶೇ. 32 ಮಂದಿ ರೋಗದ ವ್ಯಾಖ್ಯೆಯಿಂದಲೇ ಹೊರಬಂದಿದ್ದರು. ಆದರೂ ಜೂನ್‌ನಲ್ಲಿ ಸೇರಿದ ತಜ್ಞರ ಸಮಿತಿ, ಔಷಧದ ಪರಿಣಾಮ ರುಜುವಾತಾಗಿಲ್ಲ ಎಂದು 9–2 ಮತಗಳಿಂದ, ಲಾಭ ಅಪಾಯವನ್ನು ಮೀರುತ್ತದೆಂದು ಹೇಳಲಾಗದು ಎಂದು 10–1 ಮತಗಳಿಂದ ತೀರ್ಮಾನಿಸಿತು. ಆಗಸ್ಟ್‌ನಲ್ಲಿ ಇಲಾಖೆ ಅನುಮತಿ ನಿರಾಕರಿಸಿ ಮತ್ತೊಂದು ಪ್ರಯೋಗ ಕೇಳಿತು. ಆಕ್ಷೇಪಗಳಲ್ಲಿ ಮುಖ್ಯವಾದವು ಎರಡು. ಒಂದು, ಯಾರಿಗೆ ಏನು ಸಿಕ್ಕಿತೆಂಬುದು ಬಹುಪಾಲು ಮಂದಿಗೆ ಗೊತ್ತಾಗಿತ್ತು. ಎರಡು, ಉತ್ಸಾಹ, ಉಲ್ಲಾಸದಂಥ ಪರಿಣಾಮಗಳನ್ನು, ಅವು ಹಿತವಾದವೆಂಬ ಕಾರಣಕ್ಕೆ, ಕ್ರಮವಾಗಿ ದಾಖಲಿಸಿರಲಿಲ್ಲ. ಚಟ ಹತ್ತೀತೇ ಎಂದು ತಿಳಿಯಲು ಬೇಕಾದದ್ದು ಅದೇ. ಅದೇ ತಿಂಗಳು ವಿಜ್ಞಾನ ಪತ್ರಿಕೆಯೊಂದು, ಹಿಂದಿನ ಹಂತದ ಪ್ರಯೋಗದ ಒಂದು ಕೇಂದ್ರದಲ್ಲಿ ನಡೆದಿದ್ದ ಅನೈತಿಕ ವರ್ತನೆಯ ಕಾರಣದಿಂದ ಮೂರು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ನೆಲಮಾಳಿಗೆಯ ಆ ಕೊಠಡಿಯ ಎರಡು ತೊಡಕುಗಳು, ಬಯಲಾದ ಗುಟ್ಟು ಮತ್ತು ಬರೆಯದೆ ಬಿಟ್ಟ ಸಂಗತಿ, ಅರವತ್ತೆರಡು ವರ್ಷದ ಮೇಲೆ ಒಟ್ಟಿಗೇ ಎದುರು ಬಂದು ನಿಂತವು.

ನಿರಾಕರಣೆಯ ಸುದ್ದಿ ಕೇಳಿ ಎಷ್ಟೋ ಮಾಜಿ ಸೈನಿಕರು ನಿರಾಶರಾದರು. ಇದ್ದಬದ್ದ ಔಷಧಗಳನ್ನೆಲ್ಲ ನುಂಗಿ ಸೋತವರಿಗೆ 'ಇನ್ನೊಂದು ಪ್ರಯೋಗವಾಗಲಿ' ಎಂಬುದು ತಣ್ಣಗಿನ ಮಾತು. ಆಸ್ಟ್ರೇಲಿಯಾ ಇದಕ್ಕೆ ಮೊದಲೇ, 2023ರ ಜುಲೈನಲ್ಲಿ, ಪರವಾನಗಿ ಪಡೆದ ಮನೋವೈದ್ಯರು ಎಂಡಿಎಂಎ ಮತ್ತು ಸಿಲೊಸೈಬಿನ್ ಕೊಡಲು ಬಿಟ್ಟಿತ್ತು. ಕಾಯುವುದರಲ್ಲೂ ನೋವಿದೆ, ಆತುರದಲ್ಲೂ ನೋವಿದೆ. ಒಂದು ಕಡೆ ಕ್ಯಾನ್ಸರ್ ವಾರ್ಡಿನ ರೋಗಿ, ಇನ್ನೊಂದು ಕಡೆ ಥಾಲಿಡೋಮೈಡಿನ ಮಕ್ಕಳು. ಈ ಪ್ರಯೋಗಗಳಲ್ಲಿ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದವರನ್ನು, ಹತ್ತಿರದ ಬಂಧುಗಳಲ್ಲಿ ಅದು ಇದ್ದವರನ್ನೂ, ಸಾಮಾನ್ಯವಾಗಿ ಬಾಗಿಲಲ್ಲೇ ತಡೆಯುತ್ತಾರೆ. ಪತ್ರಿಕೆಯಲ್ಲಿ ಶೇಕಡಾವಾರು ಓದಿ ಮನೆಯಲ್ಲಿ ಪ್ರಯೋಗಕ್ಕಿಳಿಯುವವರನ್ನು ತಡೆಯಲು ಅಲ್ಲಿ ಯಾರೂ ಇರುವುದಿಲ್ಲ.

ಹಾಗಾದರೆ ಈ ಔಷಧಗಳು ಒಳ್ಳೆಯವೋ ಕೆಟ್ಟವೋ? 1962ರಲ್ಲಿ ಅವುಗಳನ್ನು ಹೊಗಳಿದವರಿಗೂ 1970ರಲ್ಲಿ ಬಾಗಿಲು ಮುಚ್ಚಿದವರಿಗೂ ಉತ್ತರ ಮೊದಲೇ ಗೊತ್ತಿತ್ತು. ತಿಳಿವಳಿಕೆ ತಡವಾದದ್ದು ಆ ಖಚಿತತೆಯಿಂದಲೇ. ಇನ್ನು ಮುಂದೆ ಇಂಥ ಪ್ರಯೋಗದ ಸುದ್ದಿ ಕಂಡಾಗ ಎಷ್ಟು ಮಂದಿ ಗುಣವಾದರು ಎಂಬುದರ ಜೊತೆಗೆ ಇನ್ನೊಂದನ್ನೂ ಹುಡುಕಿ ನೋಡಬೇಕು. ಅಂದು ಬಾಸ್ಟನ್ನಿನ ಬೀದಿಗೆ ಓಡಿದನಲ್ಲ ಆ ಹುಡುಗ, ಅಂಥವನ ಬಗ್ಗೆ ವರದಿಯಲ್ಲಿ ಒಂದು ಸಾಲಾದರೂ ಇದೆಯೇ? ಇದ್ದರೆ ಉಳಿದ ಸಾಲುಗಳನ್ನು ನಂಬಲು ಕಾರಣವಿದೆ.